ನಂಗಲಿ ಗೇಟು

ಎಪ್ಪತ್ತೈದು ಗ್ರಾಂ ಗ್ಲೂಕೋಸು, ಒಂದು ಲೋಟ ನೀರು,
ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು.
ಸಿಸ್ಟರ್ ಜಸಿಂತಾ ನಾಲ್ಕು ತೊಟ್ಟು ನಿಂಬೆ ಹಿಂಡಿದಳು
ಮದುವೆಮನೆಯ ಪಾನಕಕ್ಕೆ ಹಿಂಡುವ ಹಾಗೆ.
"ವಾಂತಿ ಆದರೆ ಮತ್ತೆ ಮೊದಲಿಂದ, ಚೌಡರೆಡ್ಡಿ."

ಕೋಲಾರದ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಅಂತರಗಂಗೆಯ ಬಂಡೆಗಳು
ಎಳೆಬಿಸಿಲಿಗೆ ಬೆನ್ನೊಡ್ಡಿ ಮಲಗಿದ್ದವು.
ಎಡಗೈಗೊಂದು ಸೂಜಿ, ರಕ್ತ ಕೊಡುವುದಕ್ಕೆ.
ಬಲಗೈಗೊಂದು, ಹನಿ ತಗೊಳ್ಳುವುದಕ್ಕೆ.
ನಡುವೆ ಟಿಫನ್ ಕ್ಯಾರಿಯರ್ ಗಾತ್ರದ ಪೆಟ್ಟಿಗೆ.
ಐದು ನಿಮಿಷಕ್ಕೊಮ್ಮೆ ಸಕ್ಕರೆ ಓದುತ್ತದೆ,
ಯಾರನ್ನೂ ಕೇಳದೆ ಇನ್ಸುಲಿನ್ನು ಬಿಡುತ್ತದೆ.
ಟಿಕ್ಕು. ಸ್ವಲ್ಪ ಹೊತ್ತು ಮೌನ. ಮತ್ತೆ ಟಿಕ್ಕು.

ಶುಗರ್ ಇದೆಯಾ ಅಂದರೆ ಇಲ್ಲ.
ಇಲ್ಲವಾ ಅಂದರೆ ಹಾಗೂ ಹೇಳುವಂತಿಲ್ಲ.
ಹೋದ ವಾರ ಪೆಟ್ಟಿಗೆ ಇಲ್ಲದೆ ಇದೇ ನೀರು ಕುಡಿದಾಗ
ಎರಡು ಗಂಟೆಗೆ ನೂರ ಅರವತ್ತೆಂಟು.
ಡಾಕ್ಟರಮ್ಮ ನುಸ್ರತ್ ಹಾಳೆಯ ಮೇಲೆ ಗುಡ್ಡ ಬರೆದು ತೋರಿಸಿದರು:
"ಅನ್ನ ಬಂತು ಅನ್ನುವಾಗಲೇ ಇನ್ಸುಲಿನ್ ಎದ್ದು ನಿಲ್ಲಬೇಕು.
ನಿಮ್ಮದು ಏಳುತ್ತೆ, ಅರ್ಧ ಗಂಟೆ ತಡವಾಗಿ,
ಆಮೇಲೆ ಗಾಬರಿಬಿದ್ದು ಬೇಕಾದ್ದಕ್ಕಿಂತ ಜಾಸ್ತಿ ಓಡುತ್ತೆ.
ಗ್ಲುಕಗಾನ್ ಅಂತ ಇನ್ನೊಂದು. ಹಸಿದಾಗ
ಲಿವರ್‌ನ ಗೋಡೌನು ತೆಗೆಯೋದು ಅದರ ಕೆಲಸ.
ಊಟದ ಹೊತ್ತಿಗೆ ತೆಪ್ಪಗಿರಬೇಕು. ನಿಮ್ಮದು ಇರೋಲ್ಲ."

ನಾನು ನಕ್ಕುಬಿಟ್ಟೆ.
ಅವರಿಬ್ಬರೂ ನನಗೆ ಚೆನ್ನಾಗಿ ಗೊತ್ತು.

ಇಪ್ಪತ್ತೆರಡು ವರ್ಷ ನಂಗಲಿ ಚೆಕ್‌ಪೋಸ್ಟಿನಲ್ಲಿ
ಕಲ್ಲು ಕಟ್ಟಿದ ಗಳುವಿನ ಹಗ್ಗ ಹಿಡಿದವನು ನಾನು.
ಚಿತ್ತೂರು ಕಡೆಯ ಬೆಲ್ಲ, ಶ್ರೀನಿವಾಸಪುರದ ಮಾವು,
ಟೊಮೇಟೊ, ಹುಣಸೆ, ರಾತ್ರಿ ಎರಡಕ್ಕೆ ಎಲ್ಲಾ ಒಟ್ಟಿಗೇ.
ಹಾರನ್ನು ಮೊದಲು ಕನಸಿನೊಳಗೆ ಕೇಳಿಸೋದು.
ಎದ್ದು, ಕತ್ತಲಲ್ಲಿ ಚಪ್ಪಲಿ ತಡಕುವಷ್ಟರಲ್ಲಿ
ಲಾರಿ ಸಾಲು ಕೆರೆಯ ತೂಬಿನವರೆಗೆ.
ಆಮೇಲೆ ಎತ್ತಿದ್ದೇ ಎತ್ತಿದ್ದು, ರಸೀದಿ ನೋಡಿದವರಾರು?
ಪಕ್ಕದ ಮಂಡಿಯಲ್ಲಿ ಸೈಯದ್ ಪೀರ್,
ರಸ್ತೆ ತುಂಬ ಸರಕು ನಿಂತಿದ್ದರೂ
ಬಾಗಿಲು ತೆಗೆದು ಇನ್ನೂ ಮೂಟೆ ಹೊರಗೆ ಹಾಕುವನು.
ಯಾಕಯ್ಯಾ ಅಂದರೆ,
"ನಿಲ್ಲಿಸು ಅಂತ ನೀನು ಬಂದು ಹೇಳಲಿಲ್ಲವಲ್ಲ."

ಪೆಟ್ಟಿಗೆ ತೂಕಡಿಸುವುದಿಲ್ಲ.
ಅದಕ್ಕೆ ಬೆಲ್ಲದ ವಾಸನೆಯೂ ಗೊತ್ತಿಲ್ಲ,
ಡ್ರೈವರನ ಮಗುವಿಗೆ ಜ್ವರ ಇಳಿಯಿತಾ ಅಂತ ಕೇಳುವುದಿಲ್ಲ.
ನನ್ನ ಮೊದಲ ಅರ್ಧ ಗಂಟೆಯ ಪಾಳಿ
ತಾನು ನಿಂತು ಕೊಟ್ಟಿತು, ಅಷ್ಟೇ.
ಎರಡು ಗಂಟೆಗೆ ನೂರ ಹದಿನೆಂಟು.
ಸೈಯದ್ ಪೀರನ ಲೆಕ್ಕ ಇನ್ನೂ ಬಂದಿಲ್ಲ,
ಐಸ್ ಡಬ್ಬಿಯಲ್ಲಿ ಕೂತು ಬೇರೆ ಲ್ಯಾಬಿಗೆ ಹೋಗಿದೆ.

ಪ್ಲಾಸ್ಟರು ಕೀಳುವಾಗ ಒಂದಿಷ್ಟು ರೋಮವೂ ಬಂತು.
"ಇದನ್ನ ಮನೆಗೆ ಕೊಡ್ತೀರಾ?" ಅಂದೆ.
"ಇದು ನೋಡೋದಕ್ಕೆ ತಂದಿದ್ದು, ಇಟ್ಟುಕೊಳ್ಳೋದಕ್ಕಲ್ಲ," ಅಂದಳು ಜಸಿಂತಾ.
"ನೀವು ಉಂಡ ಕೂಡಲೇ ಮಲಗಬೇಡಿ. ಎದ್ದು ನಡೀರಿ."

ಮುಳಬಾಗಿಲು ಬಸ್ಸು ಟೋಲ್ ಮುಟ್ಟಿದಾಗ
ಗೇಟು ತಾನಾಗೇ ಎದ್ದಿತು.
ನನ್ನ ಬಲಗೈ, ಹತ್ತಿ ಅಂಟಿಸಿಕೊಂಡೇ,
ತೊಡೆಯಿಂದ ಒಂದು ಗೇಣು ಮೇಲೆದ್ದಿತು,
ಗೇಟಿಗಿಂತ ಸ್ವಲ್ಪ ತಡವಾಗಿ.
ಪಕ್ಕದ ಸೀಟಿನವನು, ಇಳೀಬೇಕಾ ಅಂದ.

ಮನೆಯಲ್ಲಿ ಅಕ್ಕಯಮ್ಮ, "ಏನಂದ್ರು?"
"ಗಡಿಯಲ್ಲಿದೆಯಂತೆ."
"ಅದೇನು ಹೊಸದಾ ನಿನಗೆ," ಅಂದು
ನನ್ನ ಮುದ್ದೆ ಮುರಿದು ಅರ್ಧ ತನ್ನ ತಟ್ಟೆಗೆ ಹಾಕಿಕೊಂಡಳು.

ಉಣ್ಣುವ ಮೊದಲೇ ನಾನು
ಚಪ್ಪಲಿ ಜೋಡಿಸಿ ಬಾಗಿಲ ಬಳಿ ಇಟ್ಟಿದ್ದೆ.